ದಾವೆಗೆ ಮುನ್ನಿನ ನೋಟೀಸು: ನಮ್ಮ ಪ್ರಾಂತದ ನ್ಯಾಯಚರಿತ್ರೆಯ ಒಂದು ಪುಟ

ಮನುಷ್ಯರು ಕೂಡಿ ಬಾಳುವಲ್ಲಿ ಕೊಡುಕೊಳ್ಳುವಿಕೆಯು ಇದ್ದೇ ಇರುವದು. ಕೊಡುಕೊಳ್ಳುವಿಕೆಯಿದ್ದಲ್ಲಿ ತಕರಾರೂ ತಪ್ಪದು. ಹೊಲದ ಬದುವು, ಮನೆಯ ಗೋಡೆ, ನೂಲಿನ ಬಾಕಿ, ಅಣ್ಣತಮ್ಮಂದಿರ ಪಾಲು, ಸರಕಾರದ ಆಕಾರ ಮೊದಲಾದವುಗಳಿಗಾಗಿ ಮನಸ್ಸುಗಳು ಒಡೆಯುವದು ಇಂದು ನಿನ್ನಿನ ಮಾತಲ್ಲ. ತಕರಾರು ಹುಟ್ಟುವದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದು ಹುಟ್ಟಿದ ತರುವಾಯ, ಕೋರ್ಟಿನ ಮೆಟ್ಟಲನ್ನೇರುವ ಮುನ್ನ, ಜನರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುವರು, ಎಷ್ಟು ದಿನ ತಾಳಿಕೊಳ್ಳುವರು ಎಂಬುದರಿಂದಲೇ ಒಂದು ನಾಡಿನ ನ್ಯಾಯಬುದ್ಧಿಯನ್ನು ಅಳೆಯಬಹುದಾಗಿದೆ. ಈ ನಡುವಿನ ಅವಧಿಯಲ್ಲಿ ಹುಟ್ಟಿಕೊಂಡ ಪತ್ರವೇ ನೋಟೀಸು.

ವಕೀಲರ ಹೆಸರು ಮುದ್ರಿತವಾದ ಕಾಗದವು ಅಂಚೆಯವನ ಕೈಯಿಂದ ಮನೆಯ ಹೊಸ್ತಿಲಿಗೆ ಬಂದೊಡನೆ ಮನೆಯವರ ಎದೆಯು ನಡುಗುವದುಂಟು. ನೋಟೀಸು ಬಂದಿತೆಂದರೆ ಮಾನ ಹೋಯಿತೆಂದು ತಿಳಿಯುವವರು ಕೆಲವರು. ಅದನ್ನು ಓದದೆ ಮೂಲೆಗೆ ಎಸೆಯುವವರು ಕೆಲವರು. ಕೈಗೆ ತೆಗೆದುಕೊಳ್ಳದೆ ಹಿಂದಿರುಗಿಸಿ, ಬಂದ ಪೀಡೆಯು ಹೋಯಿತೆಂದು ನೆಮ್ಮದಿಯಿಂದಿರುವವರು ಇನ್ನು ಕೆಲವರು. ಈ ಮೂರು ಬಗೆಯವರೂ ನೋಟೀಸಿನ ಅರ್ಥವನ್ನು ತಿಳಿಯದವರು. ನೋಟೀಸೆಂಬುದು ಶಿಕ್ಷೆಯಲ್ಲ, ತೀರ್ಪಲ್ಲ. ಅದರಲ್ಲಿ ಮೂರು ಅಂಗಗಳಿರುವವು: ನನಗೆ ಇಂಥದು ಬರತಕ್ಕದ್ದೆಂಬ ಬೇಡಿಕೆ, ಇಷ್ಟು ದಿನ ತಾಳುವೆನೆಂಬ ಮುದ್ದತು, ನಿಮ್ಮ ಮಾತೇನೆಂಬ ಪ್ರಶ್ನೆ. ಈ ಮೂರನೆಯ ಅಂಗದಲ್ಲಿಯೇ ಅದರ ಜೀವವಿರುವದು. ಉತ್ತರವನ್ನು ಅಪೇಕ್ಷಿಸದ ಪತ್ರವು ಬೆದರಿಕೆ. ಉತ್ತರ ಸಿಕ್ಕದ ಪತ್ರವು ವ್ಯರ್ಥಾಲಾಪ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಪ್ರಾಂತದಲ್ಲಿ ಈ ರೂಢಿಯು ಹೇಗೆ ಬೆಳೆದು ಬಂದಿತೆಂಬುದನ್ನು ಶ್ರೀಮಠದ ಸದ್ಭಕ್ತರ ಮುಂದೆ ಸಂಕ್ಷೇಪವಾಗಿ ಇಡುವದೇ ಈ ಲೇಖನದ ಉದ್ದೇಶವು.

ಪೇಶವೆಯರ ಆಳಿಕೆಯು 1818ರಲ್ಲಿ ಕೊನೆಗಂಡಿತು. ಗೆದ್ದ ಪ್ರಾಂತದ ವ್ಯವಸ್ಥೆಯನ್ನು ಕುರಿತು ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಸಾಹೇಬರು 1819ರಲ್ಲಿ ಬರೆದ ವರದಿಯಲ್ಲಿ ಅಂದಿನ ನ್ಯಾಯದ ರೀತಿಯನ್ನು ವಿವರಿಸಿರುವರು. ವ್ಯಾಜ್ಯಗಳನ್ನು ಮುಖ್ಯವಾಗಿ ಪಂಚಾಯತರು ತೀರಿಸುತ್ತಿದ್ದರು. ಪಂಚರ ಮುಂದೆ ಹೋಗುವ ಮುನ್ನ ಸಾಲಗಾರನನ್ನು ತಾನೇ ಒತ್ತಾಯಪಡಿಸುವ ರೂಢಿಯೊಂದಿದ್ದಿತು; ಅದಕ್ಕೆ ತಕಾಜಾ ಎಂದು ಹೆಸರು. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ತಗಾದೆ ಎಂಬ ಮಾತು ಅದೇ. ಕೊಟ್ಟವನು ಮೊದಲು ಬಾಯಿಮಾತಿನಿಂದ ಕೇಳುವನು. ತರುವಾಯ ಬಾಗಿಲಲ್ಲಿ ಆಳನ್ನು ಕೂರಿಸುವನು. ಕೊನೆಗೆ ಧರಣೆ ಕುಳಿತು, ತಾನೂ ಉಣ್ಣದೆ ಎದುರಾಳಿಯನ್ನೂ ಉಣಗೊಡದೆ ಇರುವನು. ಇದರಲ್ಲಿಯೂ ಬೇಡಿಕೆಯಿದ್ದಿತು, ತಾಳುವಿಕೆಯಿದ್ದಿತು. ಆದರೆ ಎಷ್ಟು ದಿನ ತಾಳಬೇಕೆಂಬ ಮಿತಿಯಾಗಲಿ, ಏನು ಕೇಳಲಾಯಿತೆಂಬುದಕ್ಕೆ ಬರವಣಿಗೆಯ ಆಧಾರವಾಗಲಿ ಇರಲಿಲ್ಲ. ಬಲವುಳ್ಳವನ ತಗಾದೆಯು ಬೇಗನೆ ಫಲಿಸುತ್ತಿದ್ದಿತು. ಬಡವನು ಬಲ್ಲಿದನ ಬಾಗಿಲಲ್ಲಿ ಕುಳಿತರೆ ಕೇಳುವವರಾರು? ಬಾಗಿಲಲ್ಲಿ ಕೂರುವ ಆಳಿಗೆ ಬದಲಾಗಿ ಕಾಗದವು ಬಂದಿತೆಂಬುದು ನಮ್ಮ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಈ ಕಾಗದದ ಕಥೆಯನ್ನು ತಿಳಿಯಬೇಕಾದರೆ ಈ ಪ್ರಾಂತದ ರಾಜಕೀಯ ವಿಭಾಗವನ್ನು ಮೊದಲು ನೆನೆಯಬೇಕು. ಇಂದು ಇವೆಲ್ಲವೂ ಬಾಗಲಕೋಟ ಜಿಲ್ಲೆಯಲ್ಲಿ ಕೂಡಿರುವವು. ಆದರೆ 1948ರ ವರೆಗೆ ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನ. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನ. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ ಪಟ್ಟಣ. ಅದಕ್ಕೆ ಹೊಂದಿಕೊಂಡೇ ಇರುವ ಬನಹಟ್ಟಿಯು ಜಮಖಂಡಿ ಸಂಸ್ಥಾನದ್ದು. ಬೀಳಗಿಯು ಮಾತ್ರ ಬಾಗಲಕೋಟ ತಾಲೂಕಿನ ಪೇಟೆಯಾಗಿ ನೇರವಾಗಿ ಬ್ರಿಟಿಶರ ಮುಂಬಯಿ ಇಲಾಖೆಯಲ್ಲಿದ್ದಿತು. ಆ ಜಿಲ್ಲೆಯ ಕಚೇರಿಯು ಮೊದಲು ಕಲಾದಗಿಯಲ್ಲಿದ್ದು 1885ರಲ್ಲಿ ವಿಜಾಪುರಕ್ಕೆ ಹೋಯಿತು. ಮಗ್ಗದ ಸಪ್ಪಳವು ಒಂದು ಊರಿನಿಂದ ಇನ್ನೊಂದು ಊರಿಗೆ ಕೇಳಿಸುವಷ್ಟು ಹತ್ತಿರವಿದ್ದರೂ, ರಬಕವಿಯ ನೂಲಿನ ವ್ಯಾಪಾರಿಗೂ ಬನಹಟ್ಟಿಯ ನೇಕಾರನಿಗೂ ಒಡೆಯರು ಬೇರೆ, ಕೋರ್ಟುಗಳು ಬೇರೆ.

ಎರಡು ಸಂಸ್ಥಾನಗಳ ನಡುವಿನ ವ್ಯಾಜ್ಯವೆಂದರೆ ಕಾಯದೆಯ ಕಣ್ಣಿಗೆ ಎರಡು ಪರದೇಶಗಳ ನಡುವಿನ ವ್ಯಾಜ್ಯದಂತೆಯೇ ಇದ್ದಿತು. ಈ ತತ್ತ್ವವನ್ನು 1894ರಲ್ಲಿ ಪ್ರಿವ್ಹಿ ಕೌನ್ಸಿಲು ಪಂಜಾಬದ ಫರೀದಕೋಟ ಸಂಸ್ಥಾನದ ಖಟ್ಲೆಯಲ್ಲಿ ಸ್ಪಷ್ಟಪಡಿಸಿತು. ಫರೀದಕೋಟದ ರಾಜರು ತಮ್ಮ ಸೇವೆಯನ್ನು ಬಿಟ್ಟು ಹೊರಗೆ ಹೋಗಿದ್ದ ಖಜಾನೆಯ ಅಧಿಕಾರಿಯ ಮೇಲೆ ತಮ್ಮದೇ ಕೋರ್ಟಿನಲ್ಲಿ ಏಕತರ್ಫಿ ಹುಕುಮನಾಮೆಗಳನ್ನು ಪಡೆದು, ಲಾಹೋರದಲ್ಲಿ ಅವುಗಳ ಆಧಾರದಿಂದ ದಾವೆ ಹೂಡಿದರು. ಆ ಸಂಸ್ಥಾನದಲ್ಲಿ ವಾಸವಾಗಿರದ, ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿಕೊಳ್ಳದ ಮನುಷ್ಯನ ಮೇಲೆ ಅಂಥ ಹುಕುಮನಾಮೆಯು ಹೊರಗಡೆ ನಡೆಯಲಾರದೆಂದು ಪ್ರಿವ್ಹಿ ಕೌನ್ಸಿಲು ತೀರ್ಪಿತ್ತಿತು. ಇಂಥ ಕಾಲದಲ್ಲಿ, ಗಡಿಯಾಚೆಗಿನ ಸಾಲಗಾರನೊಡನೆ ಕೋರ್ಟಿಗೆ ಹೋಗುವದಕ್ಕಿಂತ ಮೊದಲು ಪತ್ರದ ಮೂಲಕ ಮಾತಾಡಿ ನೋಡುವದು ಬುದ್ಧಿವಂತಿಕೆ ಮಾತ್ರವಾಗಿರದೆ ಅವಶ್ಯವೂ ಆಗಿದ್ದಿತು.

ಸರಕಾರವೇ ಪ್ರತಿಪಕ್ಷವಾದಾಗಿನ ಮಾತು ಇನ್ನೂ ಕಠಿಣವು. ಈ ಪ್ರಾಂತದಲ್ಲಿ ಅದಕ್ಕೆ ಮರೆಯಲಾಗದ ಸಾಕ್ಷಿಯು ಹಲಗಲಿ. ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರಿಗೆ 1857ರಲ್ಲಿ ನಿಃಶಸ್ತ್ರೀಕರಣದ ಕಾಯದೆಯ ಆಜ್ಞೆಯು ಬಂದಿತು. ಆಯುಧವೇ ಬಾಳಿನ ಆಧಾರವಾಗಿದ್ದ ಆ ಜನರು ಅದನ್ನು ಒಪ್ಪಲಿಲ್ಲ. ನವಂಬರದ ಕೊನೆಯಲ್ಲಿ ಬ್ರಿಟಿಶ್ ಸೈನ್ಯವು ಹಳ್ಳಿಯ ಮೇಲೆ ಬಿದ್ದು ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ 13 ಜನರನ್ನು ಮುಧೋಳದಲ್ಲಿಯೂ 6 ಜನರನ್ನು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಇದು ದಾವೆಯ ಕಥೆಯಲ್ಲ, ಯುದ್ಧದ ಕಥೆಯೆಂದು ವಾಚಕರು ಅನ್ನಬಹುದು; ನಿಜವೇ. ಆದರೆ ಆಜ್ಞೆಗೂ ನೋಟೀಸಿಗೂ ಇರುವ ಅಂತರವು ಇಲ್ಲಿ ರಕ್ತದಲ್ಲಿ ಬರೆದಂತೆ ಕಾಣುವದು. ಆಜ್ಞೆಯು ವಿಧೇಯತೆಯನ್ನು ಬೇಡುವದು. ನೋಟೀಸು ಉತ್ತರವನ್ನು ಬೇಡುವದು. ನಿಮ್ಮ ಅಡ್ಡಿಯೇನೆಂದು ಕೇಳಿ, ಅದನ್ನು ತೂಗಿ ನೋಡುವ ವ್ಯವಸ್ಥೆಯಿಲ್ಲದಲ್ಲಿ ತಕರಾರು ಕೋರ್ಟಿಗಲ್ಲ, ಕತ್ತಿಗೆ ಹೋಗುವದು.

ಅದೇ ಗದ್ದಲದ ಮರುವರ್ಷ, ಅಂದರೆ 1858ರಲ್ಲಿ, ಕಂಪನಿಯ ಆಳಿಕೆಯು ಹೋಗಿ ರಾಣಿಯ ಆಳಿಕೆಯು ಬಂದಿತು. ಆ ವರ್ಷದ ಕಾಯದೆಯ 65ನೆಯ ಕಲಮಿನ ಮೇರೆಗೆ, ಕಂಪನಿಯ ಮೇಲೆ ಹೂಡಬಹುದಾಗಿದ್ದಂಥ ದಾವೆಗಳನ್ನು ಸೆಕ್ರೆಟರಿ ಆಫ್ ಸ್ಟೇಟರ ಮೇಲೆ ಹೂಡಲು ಪ್ರಜೆಗಳಿಗೆ ಅವಕಾಶವಿದ್ದಿತು. ದಾವೆಯ ದಾರಿ ಇದ್ದಮೇಲೆ, ದಾವೆಗೆ ಮುನ್ನ ಸರಕಾರಕ್ಕೆ ತಿಳಿಸುವ ನಿಯಮವೂ ಬಂದಿತು. 1877ರ ದಿವಾಣಿ ವ್ಯವಹಾರ ಸಂಹಿತೆಯ 424ನೆಯ ಕಲಮು, 1882ರ ಸಂಹಿತೆಯಲ್ಲಿಯೂ ಅದೇ ಕಲಮು, ಕೊನೆಗೆ 1908ರ ಸಂಹಿತೆಯ 80ನೆಯ ಕಲಮು: ಹೀಗೆ ಆ ನಿಯಮವು ನಡೆದು ಬಂದು ಇಂದಿಗೂ ಜಾರಿಯಲ್ಲಿರುವದು. ಸರಕಾರದ ಮೇಲಾಗಲಿ, ಅಧಿಕಾರದ ನೆಲೆಯಲ್ಲಿ ಮಾಡಿದ ಕೃತ್ಯಕ್ಕಾಗಿ ಸರಕಾರೀ ಅಧಿಕಾರಿಯ ಮೇಲಾಗಲಿ ದಾವೆ ಹೂಡುವವನು ಎರಡು ತಿಂಗಳು ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಅದರಲ್ಲಿ ತನ್ನ ಹೆಸರು, ವಿವರ, ವಾಸಸ್ಥಳ, ದಾವೆಯ ಕಾರಣ, ಬೇಡುವ ಪರಿಹಾರ ಇವಿಷ್ಟೂ ಇರತಕ್ಕದ್ದು. ರಾಜ್ಯ ಸರಕಾರದ ಮೇಲಿನ ದಾವೆಯಲ್ಲಿ ಅದು ಸರಕಾರದ ಕಾರ್ಯದರ್ಶಿಗಳಿಗಾಗಲಿ ಜಿಲ್ಲೆಯ ಕಲೆಕ್ಟರರಿಗಾಗಲಿ ತಲುಪತಕ್ಕದ್ದು. ಬೀಳಗಿಯವರ ನೋಟೀಸು ಮೊದಲು ಕಲಾದಗಿಗೆ, ತರುವಾಯ ವಿಜಾಪುರಕ್ಕೆ, 1997ರಲ್ಲಿ ಬಾಗಲಕೋಟ ಜಿಲ್ಲೆಯಾದಂದಿನಿಂದ ಬಾಗಲಕೋಟಕ್ಕೆ ಹೋಗಬೇಕಾಯಿತು.

ಇದಲ್ಲದೆ ಮುಂಬಯಿ ಇಲಾಖೆಯಲ್ಲಿ 1876ರ ರೆವಿನ್ಯೂ ಜುರಿಸ್‌ಡಿಕ್ಶನ್ ಕಾಯದೆಯು ಇನ್ನೊಂದು ಮೆಟ್ಟಲನ್ನು ಕಟ್ಟಿದ್ದಿತು. ಕಂದಾಯದ ಅಧಿಕಾರಿಯ ಕೃತ್ಯದ ಮೇಲೆ ದಾವೆ ಹೂಡುವವನು ತನಗೆ ಕಾಯದೆಯಲ್ಲಿರುವ ಎಲ್ಲ ಅಪೀಲುಗಳನ್ನೂ ಮೊದಲು ಮಾಡಿರುವೆನೆಂದು ತೋರಿಸಬೇಕಾಗಿದ್ದಿತು. ಒಕ್ಕಲಿಗನಿಗೆ ಇದು ಹೊರೆಯಾದರೂ, ಇದರಲ್ಲಿ ಒಂದು ಗುಣವಿದ್ದಿತು: ತನ್ನ ವಿರುದ್ಧವಾಗಿ ಪ್ರಜೆಯು ಏನನ್ನುತ್ತಾನೆಂಬುದನ್ನು ಸರಕಾರವು ಓದಲೇಬೇಕಾಯಿತು. ಓದಿದ ಮೇಲೆ ಉತ್ತರ ಕೊಡುವದು ಮಾತ್ರ ಅದರ ಇಚ್ಛೆಗೆ ಬಿಟ್ಟ ಮಾತಾಯಿತು.

ಸಂಸ್ಥಾನಗಳಲ್ಲಿಯ ಸಂಗತಿಯು ಬೇರೆ. ಬೀಳಗಿಯ ನಿವಾಸಿಯೊಬ್ಬನಿಗೆ ಜಮಖಂಡಿಯ ಅಥವಾ ಮುಧೋಳದ ಸಂಸ್ಥಾನಿಕರಿಂದಲೇ ಏನಾದರೂ ಬರತಕ್ಕದ್ದಿದ್ದು, ಅವನು ಬ್ರಿಟಿಶ್ ಕೋರ್ಟಿನಲ್ಲಿ ಅವರ ಮೇಲೆ ದಾವೆ ಹೂಡಬೇಕೆಂದರೆ, ನೋಟೀಸು ಸಾಲುತ್ತಿರಲಿಲ್ಲ. 1908ರ ಸಂಹಿತೆಯ 86ನೆಯ ಕಲಮಿನ ಮೇರೆಗೆ ಸರಕಾರದ ಒಪ್ಪಿಗೆಯೇ ಬೇಕಾಗಿದ್ದಿತು. ನೋಟೀಸು ಕೊಡುವದು ಪ್ರಜೆಯ ಕೈಯಲ್ಲಿರುವ ಕೆಲಸ; ಒಪ್ಪಿಗೆಯು ಮತ್ತೊಬ್ಬರ ಕೈಯಲ್ಲಿರುವ ಕೃಪೆ. ನೋಟೀಸಿನ ಎರಡು ತಿಂಗಳು ಎಂದಾದರೊಂದು ದಿನ ತುಂಬುವವು. ಒಪ್ಪಿಗೆಗೆ ದಿನದ ಲೆಕ್ಕವಿಲ್ಲ.

ಇಲ್ಲಿ ನಮ್ಮ ಪ್ರಾಂತದಿಂದ ತುಸು ದೂರದ, ಆದರೆ ಅದೇ ಮುಂಬಯಿ ಇಲಾಖೆಗೆ ಸೇರಿದ ನಾಶಿಕ ಜಿಲ್ಲೆಯ ಮಾಲೆಗಾಂವಕ್ಕೆ ಹೋಗಿ ಬರಬೇಕಾಗಿದೆ. ಏಕೆಂದರೆ ಅಲ್ಲಿ ಹುಟ್ಟಿದ ಖಟ್ಲೆಯೊಂದು ಬೀಳಗಿಯವರ ಕೈಯನ್ನೂ ಕಟ್ಟಿತು. ಮಾಲೆಗಾಂವದಲ್ಲಿ 1921ರಲ್ಲಿ ದಂಗೆಯಾಗಲು, ಸರಕಾರವು ಅಲ್ಲಿ ಹೆಚ್ಚಿನ ಪೋಲೀಸರನ್ನಿಟ್ಟು ಅದರ ಖರ್ಚು ಮೊದಲಾದವುಗಳನ್ನು ಊರವರ ಮೇಲೆ ಹೇರಿತು. ಭಾಗಚಂದ ದಗಡೂಸಾ ಗುಜರಾಥಿ ಮೊದಲಾದವರು ಆ ವಸೂಲಿಯನ್ನು ತಡೆಯಬೇಕೆಂದು ದಾವೆ ಹೂಡಿದರು. ಆದರೆ ನೋಟೀಸಿನ ಎರಡು ತಿಂಗಳ ಮುದ್ದತು ತುಂಬುವದರೊಳಗೇ ಹೂಡಿದರು. ತಡೆಯಾಜ್ಞೆಯನ್ನು ಬೇಡುವ ದಾವೆಯಲ್ಲಿ ಕಾಯುತ್ತ ಕುಳಿತರೆ ಹಾನಿಯು ಆಗಿಯೇ ಹೋಗುವದು, ಆದುದರಿಂದ ಅಂಥಲ್ಲಿ 80ನೆಯ ಕಲಮು ಅಡ್ಡ ಬಾರದೆಂದು ಮುಂಬಯಿ ಹಾಯಕೋರ್ಟಿನಲ್ಲಿ ಮೊದಲಿನಿಂದ ಒಂದು ಮತವಿದ್ದಿತು. ಪ್ರಿವ್ಹಿ ಕೌನ್ಸಿಲು 1927ರಲ್ಲಿ ಆ ಮತವನ್ನು ತಳ್ಳಿಹಾಕಿತು. ಕಲಮಿನ ಮಾತು ಸ್ಪಷ್ಟವಾಗಿದೆ, ಅದಕ್ಕೆ ಅಪವಾದವಿಲ್ಲ, ಕೋರ್ಟಿಗೂ ಅದನ್ನು ಸಡಿಲಿಸುವ ಅಧಿಕಾರವಿಲ್ಲ ಎಂಬುದೇ ಅದರ ತಾತ್ಪರ್ಯವು. ಅಂದಿನಿಂದ ಸರಕಾರವು ನಾಳೆಯೇ ಮನೆಯನ್ನು ಕೆಡವಲು ಬರುವದಿದ್ದರೂ ಪ್ರಜೆಯು ಎರಡು ತಿಂಗಳು ಕಾಯಬೇಕಾಯಿತು. ಮಾತಾಡಲು ಕೊಟ್ಟ ಅವಕಾಶವೇ ಬಾಯಿಕಟ್ಟುವ ಹಗ್ಗವಾಯಿತು. ಒಳ್ಳೆಯ ನಿಯಮವೂ ಒಂದೇ ಕಡೆಯವರನ್ನು ಕಟ್ಟಿದರೆ ಹೇಗೆ ಕೆಡುವದೆಂಬುದಕ್ಕೆ ಇದು ನಿದರ್ಶನವು.

ಇನ್ನು ಖಾಸಗಿಯವರ ನಡುವಿನ ನೋಟೀಸಿನ ಸಂಗತಿ. ನೆರೆಯವನ ಮೇಲೆ, ಗಿರಾಕಿಯ ಮೇಲೆ, ಬಂಧುವಿನ ಮೇಲೆ ದಾವೆ ಹೂಡುವ ಮುನ್ನ ನೋಟೀಸು ಕೊಡಲೇಬೇಕೆಂದು ಕಾಯದೆಯು ಸಾಮಾನ್ಯವಾಗಿ ಹೇಳುವದಿಲ್ಲ. ಅದು ವಕೀಲರ ರೂಢಿಯಿಂದಲೂ ಕೆಲವು ಕಾಯದೆಗಳ ಪ್ರೇರಣೆಯಿಂದಲೂ ಬೆಳೆದದ್ದು. 1839ರ ಬಡ್ಡಿಯ ಕಾಯದೆಯು ಅಂಥ ಒಂದು ಪ್ರೇರಣೆ. ಹಣವನ್ನು ಇಂಥ ದಿನ ಕೊಡತಕ್ಕದ್ದೆಂದು ಕಾಗದದಲ್ಲಿ ಗೊತ್ತಾಗಿರದಿದ್ದರೆ, ಬಡ್ಡಿಯನ್ನು ಬೇಡುವೆನೆಂದು ಬರವಣಿಗೆಯಲ್ಲಿ ತಿಳಿಸಿದ ದಿನದಿಂದ ಕೋರ್ಟು ಬಡ್ಡಿಯನ್ನು ಕೊಡಿಸಬಹುದೆಂದು ಅದು ವಿಧಿಸಿತು. 1978ರ ಬಡ್ಡಿಯ ಕಾಯದೆಯಲ್ಲಿಯೂ ಈ ತತ್ತ್ವವು ಉಳಿದಿರುವದು. ಉದ್ರಿಯ ಮೇಲೆ ನೂಲು ಕೊಟ್ಟು ಸೀರೆ ಮಾರಾಟವಾದ ಮೇಲೆ ಹಣ ಪಡೆಯುವ ವ್ಯಾಪಾರದಲ್ಲಿ, ಬಾಯಿಮಾತಿನ ತಗಾದೆಗಿಂತ ಒಂದು ಬರಹದ ಪತ್ರಕ್ಕೆ ಬೆಲೆಯುಂಟೆಂಬುದು ಇಂಥ ನಿಯಮದಿಂದಲೇ.

ಎರಡನೆಯ ಪ್ರೇರಣೆಯು 1882ರ ಸ್ವತ್ತು ಹಸ್ತಾಂತರದ ಕಾಯದೆ. ಮುಂಬಯಿ ಇಲಾಖೆಗೆ ಇದು 1893ರಿಂದ ಅನ್ವಯಿಸಿತು. ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ, ಕಾರಖಾನೆಯ ಉದ್ಯೋಗಕ್ಕೆಂದು ಕೊಟ್ಟ ಸ್ಥಳವನ್ನು ಬಿಡಿಸಲು 6 ತಿಂಗಳ ನೋಟೀಸನ್ನು ಅದರ 106ನೆಯ ಕಲಮು ಬೇಡುವದು. ಮನೆಯನ್ನು ಬಿಡುವವನು ಬೇರೆ ಮನೆಯನ್ನು ಹುಡುಕಬಹುದು. ಆದರೆ ಮಗ್ಗಗಳನ್ನು ಕಿತ್ತು ಬೇರೆಡೆಗೆ ಹೂಡುವದು ಹದಿನೈದು ದಿನದ ಕೆಲಸವಲ್ಲವೆಂಬುದನ್ನು ನೇಕಾರರ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ನೋಟೀಸಿನ ಮುದ್ದತು ಎದುರಾಳಿಯ ಅಡಚಣೆಯನ್ನು ಅಳೆದು ಇಟ್ಟದ್ದೆಂಬುದು ಇದರಿಂದ ವ್ಯಕ್ತವಾಗುವದು. ಇಂಥ ನೋಟೀಸುಗಳನ್ನು ತಪ್ಪು ಹುಡುಕುವ ದೃಷ್ಟಿಯಿಂದ ಓದದೆ, ಅದರ ಅರ್ಥವು ನೆರವೇರುವಂತೆ ಓದಬೇಕೆಂದು ಪ್ರಿವ್ಹಿ ಕೌನ್ಸಿಲು 1918ರಲ್ಲಿ ಹರಿಹರ ಬ್ಯಾನರ್ಜಿಯವರ ಖಟ್ಲೆಯಲ್ಲಿ ಹೇಳಿರುವದು.

1948ರ ಮಾರ್ಚ 8ನೆಯ ದಿನವು ಈ ಪ್ರಾಂತದ ನ್ಯಾಯಚರಿತ್ರೆಯಲ್ಲಿ ದೊಡ್ಡ ದಿನ. ಅಂದು ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿಯ ವಿಲೀನದ ಕಾಲಕ್ಕೆ ಅಲ್ಲಿಯ ದಿವಾಣರಾಗಿದ್ದವರು ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು. ವಕೀಲರಾಗಿದ್ದ ಅವರು ಮಹಾರಾಜ ಶಂಕರರಾವ ಪಟವರ್ಧನರೊಡನೆ ಸೌಹಾರ್ದದಿಂದ ನಡೆದು ಈ ಕಾರ್ಯವನ್ನು ನೆರವೇರಿಸಿ, ಅಧಿಕಾರವನ್ನು ಇಳಿಸಿ, ಮತ್ತೆ ಸುಮಾರು 20 ತಿಂಗಳು ವಕೀಲಿಯನ್ನೇ ಮಾಡಿದರು. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ, 1974ರಿಂದ ಭಾರತದ ಉಪರಾಷ್ಟ್ರಪತಿಗಳೂ ಆದುದು ಸರ್ವವಿದಿತವು. ಆ ದಿನದಿಂದ ಬೀಳಗಿಯವನಿಗೊಂದು, ಬನಹಟ್ಟಿಯವನಿಗೊಂದು ಎಂಬ ಭೇದವು ಹೋಯಿತು. ಒಂದು ಕಾಲಕ್ಕೆ ಪರದೇಶಗಳಂತಿದ್ದ ರಬಕವಿ ಬನಹಟ್ಟಿಗಳು ಈಗ ಒಂದೇ ನಗರಸಭೆಯವು. 1956ರ ನವಂಬರ 1ರಂದು ಈ ಪ್ರಾಂತವು ಮೈಸೂರು ರಾಜ್ಯಕ್ಕೆ ಸೇರಿ, ಮೇಲಿನ ಕೋರ್ಟು ಮುಂಬಯಿಯಿಂದ ಬೆಂಗಳೂರಿಗೆ ಬಂದಿತು. 2008ರಲ್ಲಿ ಧಾರವಾಡದಲ್ಲಿ ಹಾಯಕೋರ್ಟಿನ ಪೀಠವಾಗಿ ಇನ್ನೂ ಹತ್ತಿರವಾಯಿತು. ಮಾಜಿ ಸಂಸ್ಥಾನಿಕರ ಮೇಲಿನ ದಾವೆಗೆ ಒಪ್ಪಿಗೆ ಬೇಕೆಂಬ ನಿಯಮವು 87-ಬ ಕಲಮಿನಲ್ಲಿ ಕೆಲಕಾಲ ಮುಂದುವರಿದರೂ, 1971ರ ಸಂವಿಧಾನದ ತಿದ್ದುಪಡಿಯಿಂದ ಸಂಸ್ಥಾನಿಕರ ವಿಶೇಷ ಮನ್ನಣೆಯು ಕೊನೆಗಂಡ ಮೇಲೆ ಅದು ಸಂವಿಧಾನಕ್ಕೆ ಮುಂಚಿನ ಕಾರಣಗಳಿಗೆ ಮಾತ್ರ ಸೀಮಿತವಾಯಿತು.

ಸಂಸ್ಥಾನಿಕರ ಸ್ಥಾನದಲ್ಲಿ ಪ್ರಜಾಸರಕಾರವು ಬಂದಿತು. ನೋಟೀಸಿಗೆ ಉತ್ತರವು ಬಂದಿತೇ? ಖೇದದಿಂದ ಹೇಳಬೇಕಾದ ಮಾತೆಂದರೆ, ಬಹುಸಲ ಬರಲಿಲ್ಲ. ಕಾಯದೆಯ ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ, 80ನೆಯ ಕಲಮನ್ನು ತೆಗೆದುಹಾಕುವದೇ ಲೇಸೆಂದು ಸೂಚಿಸಿತು. ಮುಂದೆ ಅದೇ ಮಾತನ್ನು ಮತ್ತೆಯೂ ಹೇಳಿತು. ಲೋಕಸಭೆಯು ಕಲಮನ್ನು ಉಳಿಸಿಕೊಂಡಿತಾದರೂ 1976ರಲ್ಲಿ ಅದರ ಮೊನಚನ್ನು ಕಡಮೆ ಮಾಡಿತು. ಅಂದಿನಿಂದ ತುರ್ತಿನ ಪ್ರಸಂಗದಲ್ಲಿ ಕೋರ್ಟಿನ ಅನುಮತಿ ಪಡೆದು ನೋಟೀಸಿಲ್ಲದೆಯೂ ದಾವೆ ಹೂಡಬಹುದು. ಮುಖ್ಯ ಸಂಗತಿಗಳೆಲ್ಲ ಇದ್ದಲ್ಲಿ ನೋಟೀಸಿನಲ್ಲಿಯ ಸಣ್ಣ ದೋಷಕ್ಕಾಗಿ ದಾವೆಯನ್ನು ತಳ್ಳಲಾಗದು. ಹೀಗೆ ಮಾಲೆಗಾಂವದ ಗಂಟು 49 ವರುಷಗಳ ಮೇಲೆ ಸಡಿಲಾಯಿತು. 2005ರಲ್ಲಿ ಸೇಲಂ ವಕೀಲರ ಸಂಘದ ಖಟ್ಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕಾರಗಳು ನೋಟೀಸುಗಳಿಗೆ ಉತ್ತರವನ್ನೇ ಕೊಡುವದಿಲ್ಲ, ಕೊಟ್ಟರೂ ಜಾರಿಕೆಯ ಉತ್ತರವನ್ನು ಕೊಡುವವೆಂದು ಆಕ್ಷೇಪಿಸಿ, ಉತ್ತರ ಕೊಡುವ ಹೊಣೆಯನ್ನು ಹೊರುವ ಅಧಿಕಾರಿಯನ್ನು ಮೂರು ತಿಂಗಳೊಳಗೆ ನೇಮಿಸಬೇಕೆಂದು ಎಲ್ಲ ಸರಕಾರಗಳಿಗೆ ಅಪ್ಪಣೆ ಮಾಡಿತು. ನೋಟೀಸು ಕೊಡುವದು ಪ್ರಜೆಯ ಕರ್ತವ್ಯವಾದರೆ ಉತ್ತರಿಸುವದು ಸರಕಾರದ ಕರ್ತವ್ಯವೆಂಬ ಮಾತು ಹೀಗೆ ಬಾಯಿಬಿಟ್ಟು ಹೇಳಲ್ಪಟ್ಟಿತು.

ಈ ಪ್ರಾಂತದ ಜನರಿಗೆ ನೋಟೀಸೆಂದರೆ ಏನೆಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಿಸಿದುದು ಆಲಮಟ್ಟಿಯ ಅಣೆಕಟ್ಟು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಗಳು ಅದಕ್ಕೆ ಅಡಿಗಲ್ಲನ್ನಿಟ್ಟರು. ಕೃಷ್ಣೆ ಘಟಪ್ರಭೆಗಳ ದಂಡೆಯ ಕಪ್ಪುಮಣ್ಣಿನ ಹೊಲಗಳೂ ಮನೆಗಳೂ ನೀರಿನ ಪಾಲಾಗುವಾಗ, 1894ರ ಭೂಸ್ವಾಧೀನದ ಕಾಯದೆಯ ಮೇರೆಗೆ ನೋಟೀಸುಗಳು ಮನೆಮನೆಗೆ ಬಂದವು. ಇವು ದಾವೆಯ ನೋಟೀಸುಗಳಲ್ಲದಿದ್ದರೂ ಇವುಗಳ ಹಿಂದೆ ಕೋರ್ಟಿನ ಬಾಗಿಲಿದ್ದಿತು. ಪರಿಹಾರದ ನಿರ್ಣಯವನ್ನು ತಿಳಿಸುವ ನೋಟೀಸು ಕೈಸೇರಿದ 90 ದಿನಗಳೊಳಗೆ, ಈ ಮೊತ್ತವು ಸಾಲದು, ಕೋರ್ಟಿಗೆ ಕಳುಹಿರಿ ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಬೇಕೆಂಬುದು ಕರ್ನಾಟಕದಲ್ಲಿಯ 18ನೆಯ ಕಲಮಿನ ನಿಯಮವು. ಅರ್ಜಿ ಕೊಟ್ಟವರಿಗೆ ಕೋರ್ಟುಗಳು ಪರಿಹಾರವನ್ನು ಹೆಚ್ಚಿಸಿದ ನಿದರ್ಶನಗಳು ಅನೇಕ. ಕೊಟ್ಟ ಹಣವನ್ನು ತಕರಾರಿಲ್ಲದೆ ತೆಗೆದುಕೊಂಡು, ನೋಟೀಸನ್ನು ಪೆಟ್ಟಿಗೆಯಲ್ಲಿಟ್ಟು, ದಿನ ಕಳೆದವರಿಗೆ ಆ ಬಾಗಿಲು ಮುಚ್ಚಿತು. 1984ರಲ್ಲಿ ಸೇರಿಸಿದ 28-ಅ ಕಲಮು, ಅದೇ ಅಧಿಸೂಚನೆಯಲ್ಲಿಯ ನೆರೆಯವನಿಗೆ ಕೋರ್ಟು ಹೆಚ್ಚಿಸಿಕೊಟ್ಟರೆ ತಾನೂ ಮೂರು ತಿಂಗಳೊಳಗೆ ಬೇಡಬಹುದೆಂದು ಅಂಥವರಿಗೆ ಒಂದು ಕಿಂಡಿಯನ್ನು ತೆರೆಯಿತು. ಅಲ್ಲಿಯೂ ದಿನದ ಲೆಕ್ಕವೇ. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನದ ಕಾಯದೆಯಲ್ಲಿಯೂ ಮೊದಲು ಬರಹದ ಅರ್ಜಿ, ತರುವಾಯ ನ್ಯಾಯಪೀಠವೆಂಬ ಕ್ರಮವೇ ಇರುವದು. ಓದುಬರಹ ಬಲ್ಲವನಿಗೂ ಬಾರದವನಿಗೂ, ನೋಟೀಸಿನ ಅರ್ಥವನ್ನು ತಿಳಿದವನಿಗೂ ತಿಳಿಯದವನಿಗೂ ಇದ್ದ ಅಂತರವು ಇಲ್ಲಿ ಎಕರೆಗಳಲ್ಲಿ, ರೂಪಾಯಿಗಳಲ್ಲಿ ಎಣಿಸಲ್ಪಟ್ಟಿತು.

ವ್ಯಾಪಾರದ ಊರುಗಳಲ್ಲಿ ಇಂದು ಹೆಚ್ಚಾಗಿ ಕಾಣುವದು ಚೆಕ್ಕಿನ ನೋಟೀಸು. 1989ರ ಏಪ್ರಿಲ 1ರಿಂದ ಜಾರಿಯಲ್ಲಿರುವ 138ನೆಯ ಕಲಮಿನ ಮೇರೆಗೆ, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ, ಬ್ಯಾಂಕಿನಿಂದ ಸುದ್ದಿ ಬಂದ 30 ದಿನಗಳೊಳಗೆ ಚೆಕ್ಕು ಕೊಟ್ಟವನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಈ ಅವಧಿಯು 2003ಕ್ಕೆ ಮುಂಚೆ 15 ದಿನಗಳಷ್ಟೇ ಇದ್ದಿತು. ನೋಟೀಸು ತಲುಪಿದ 15 ದಿನಗಳೊಳಗೆ ಅವನು ಹಣ ಕೊಟ್ಟರೆ ಅಪರಾಧವೇ ಇಲ್ಲ. ಸಹಕಾರಿ ಸಂಘದ ವ್ಯವಹಾರದ ಬಗ್ಗೆ ದಾವೆ ಹೂಡುವವನು 1959ರ ಸಹಕಾರ ಸಂಘಗಳ ಕಾಯದೆಯ 125ನೆಯ ಕಲಮಿನ ಮೇರೆಗೆ ರಿಜಿಸ್ಟ್ರಾರರಿಗೆ ಎರಡು ತಿಂಗಳ ನೋಟೀಸು ಕೊಡಬೇಕು. ಇನ್ನು ಮೂರು ಲಕ್ಷ ರೂಪಾಯಿಗಳಿಗೆ ಕಡಮೆಯಲ್ಲದ ವ್ಯಾಪಾರೀ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರವನ್ನು ಬೇಡದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಯನ್ನು ನಡೆಸಲೇಬೇಕೆಂದು 2018ರ ತಿದ್ದುಪಡಿಯು ವಿಧಿಸಿತು. ಇದು ಕಡ್ಡಾಯವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಚಿತಪಡಿಸಿತು. ಎರಡು ನೂರು ವರುಷಗಳ ಹಿಂದೆ ಕಟ್ಟೆಯ ಮೇಲಿಂದ ಎದ್ದುಹೋದ ಪಂಚರು ಹೀಗೆ ಕಾಯದೆಯ ಪುಸ್ತಕದ ಮೂಲಕ ಹಿಂದಿರುಗಿ ಬಂದಂತಾಯಿತು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ನೋಟೀಸು ಕೊಡುವವನು ಮೊದಲು ತನ್ನ ಕಾಗದಪತ್ರಗಳನ್ನು ನೋಡಿಕೊಂಡು, ನಡೆದುದನ್ನು ದಿನಾಂಕಸಹಿತವಾಗಿ, ಬೇಡುವದನ್ನು ಅಂಕಿಸಹಿತವಾಗಿ ಹೇಳಲಿ. ಬೈಗುಳವು ಬೇಡಿಕೆಗೆ ಬಲ ತಾರದು. ಒಂದು ಎಚ್ಚರವು ಅಗತ್ಯ: ಕಾಯದೆಯೇ ವಿಧಿಸಿದ ನೋಟೀಸಿನ ಅವಧಿಯನ್ನು ದಾವೆಯ ಮುದ್ದತಿನ ಲೆಕ್ಕದಿಂದ ಬಿಡುವರು, ಆದರೆ ರೂಢಿಗೆಂದು ಕೊಟ್ಟ ಖಾಸಗಿ ನೋಟೀಸಿನಿಂದ ಮುದ್ದತು ನಿಲ್ಲುವದಿಲ್ಲ. ಕೈಸಾಲದ ದಾವೆಗೆ ಸಾಮಾನ್ಯವಾಗಿ ಇರುವದು ಮೂರೇ ವರುಷ. ಪತ್ರದ ಮೇಲೆ ಪತ್ರ ಬರೆಯುತ್ತ ಕುಳಿತು ಹಕ್ಕನ್ನೇ ಕಳೆದುಕೊಳ್ಳಬಾರದು.

ನೋಟೀಸು ಬಂದವನು ಅದನ್ನು ಹಿಂದಿರುಗಿಸುವದರಿಂದ ಲಾಭವಿಲ್ಲ. ಸರಿಯಾದ ವಿಳಾಸಕ್ಕೆ ಹಾಸಲು ಕೊಟ್ಟು ರಿಜಿಸ್ಟರ್ಡ ಅಂಚೆಯಲ್ಲಿ ಕಳಿಸಿದ ಪತ್ರವು ತಲುಪಿತೆಂದೇ 1897ರ ಸಾಮಾನ್ಯ ಖಂಡಗಳ ಕಾಯದೆಯು ಗ್ರಹಿಸುವದು. ತೆಗೆದುಕೊಳ್ಳಲು ನಿರಾಕರಿಸಿದರೂ ತಲುಪಿದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿರುವದು. ಆ ರಿಜಿಸ್ಟರ್ಡ ಅಂಚೆಯು 2025ರಲ್ಲಿ ಸ್ಪೀಡ ಪೋಸ್ಟಿನಲ್ಲಿ ವಿಲೀನವಾಗಿದೆಯೆಂಬುದನ್ನೂ ನೆನಪಿನಲ್ಲಿಡಬೇಕು. ಪತ್ರವನ್ನು ತೆಗೆದುಕೊಂಡು, ಬಂದ ದಿನವನ್ನು ಗುರುತಿಸಿ, ಲಕ್ಕೋಟೆಯನ್ನೂ ಕಾದಿಟ್ಟು, ತಿಳಿದ ವಕೀಲರನ್ನು ಕಾಣುವದು ಯೋಗ್ಯ. ಉತ್ತರದಲ್ಲಿ ನಿಜವಾದುದನ್ನು ಒಪ್ಪಿ, ಸುಳ್ಳಾದುದನ್ನು ಒಂದೊಂದಾಗಿ ಅಲ್ಲಗಳೆಯಬೇಕು. ಖಾಸಗಿಯವನು ಉತ್ತರ ಕೊಡಲೇಬೇಕೆಂಬ ಕಾಯದೆಯಿಲ್ಲ; ಆದರೂ ಕೇಳಿದಾಗ ಸುಮ್ಮನಿದ್ದವನು ಕೋರ್ಟಿನಲ್ಲಿ ಹೊಸ ಮಾತಾಡಿದರೆ, ಇದನ್ನು ಆಗಲೇ ಏಕೆ ಹೇಳಲಿಲ್ಲವೆಂಬ ಪ್ರಶ್ನೆಯು ಏಳದಿರದು. ಸಾಲ ಉಂಟೆಂದು ಮುದ್ದತಿನೊಳಗೆ ಬರೆದು ಸಹಿ ಮಾಡಿದರೆ ಆ ದಿನದಿಂದ ಮುದ್ದತು ಹೊಸದಾಗಿ ಎಣಿಸಲ್ಪಡುವದೆಂಬುದನ್ನೂ ಅರಿತಿರಬೇಕು. ಅದಕ್ಕಾಗಿ ನಿಜವನ್ನು ಮುಚ್ಚಬೇಕೆಂದಲ್ಲ; ಆಡುವ ಮಾತಿನ ತೂಕವನ್ನು ಬಲ್ಲವನಾಗಿ ಆಡಬೇಕೆಂದು ಮಾತ್ರ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯು ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೂ ಕೋರ್ಟಿಗೆ ಹೋಗುವದೇ ತಪ್ಪೆಂದು ಹೇಳಲಾಗದು. ಬಡವನಿಗೆ ಬಲ್ಲಿದನ ಮುಂದೆ, ಪ್ರಜೆಗೆ ಸರಕಾರದ ಮುಂದೆ ಸರಿಸಮನಾಗಿ ನಿಲ್ಲಲು ಅದೊಂದೇ ಸ್ಥಳ. ಆ ಸ್ಥಳವನ್ನು ಸೇರುವ ಮುನ್ನ ಕಾಯದೆಯು ನಮಗೆ ಕೆಲವು ದಿನಗಳನ್ನು ಕೊಟ್ಟಿರುವದು: ಎಲ್ಲಿಯೋ ಹದಿನೈದು, ಎಲ್ಲಿಯೋ ತೊಂಬತ್ತು, ಎಲ್ಲಿಯೋ ಎರಡು ತಿಂಗಳು. ಹಲಗಲಿಯವರಿಗೆ ಆ ದಿನಗಳು ಸಿಕ್ಕಲಿಲ್ಲ. ಮಾಲೆಗಾಂವದವರಿಗೆ ಅವು ಸಂಕೋಲೆಯಾದವು. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ಅವುಗಳನ್ನು ಎಣಿಸದವರು ಪರಿಹಾರವನ್ನು ಕಳೆದುಕೊಂಡರು. ನಮಗೆ ದೊರೆತ ಆ ದಿನಗಳನ್ನು ಸಿಟ್ಟಿನಲ್ಲಿಯಾಗಲಿ ಅಂಜಿಕೆಯಲ್ಲಿಯಾಗಲಿ ಕಳೆಯದೆ, ಎದುರಿನವನ ಮಾತನ್ನು ಪೂರ್ತಿ ಓದಿ ನೇರವಾಗಿ ಉತ್ತರಿಸುವದರಲ್ಲಿ ಶ್ರೀಮಠದ ಶಿಷ್ಯವರ್ಗದವರೆಲ್ಲರೂ ವಿನಿಯೋಗಿಸುವಂತಾಗಲಿ. ಅರ್ಧ ವ್ಯಾಜ್ಯಗಳು ಹೊಸ್ತಿಲಿನಲ್ಲಿಯೇ ಮುಗಿಯುವವು. ಉಳಿದರ್ಧವು ಕೋರ್ಟಿಗೆ ಹೋದರೂ ದ್ವೇಷವಿಲ್ಲದೆ ಹೋಗುವವು. ಸರ್ವರಿಗೂ ಮಂಗಲವಾಗಲಿ.